ಮಟನ್ ಸ್ಟ್ರೀಟಿನ ಕುರ್ಚಿ, ಮಂಗಲದಾಸ್ ಮಾರ್ಕೆಟಿನ ಬಿಳಿ

ಎರಡು ಮೂಲೆ ಹರಿದು, ನಡುವೆ ಚಹಾದ ಕಲೆ ಹಿಡಿದಿದ್ದ ಕ್ರೋಶಾ ಮೇಜುಹಾಸೊಂದನ್ನು 300 ರೂಪಾಯಿ ಕೊಟ್ಟು ಮನೆಗೆ ತಂದ ದಿನ ನಮ್ಮ ಅತ್ತೆ ರಾತ್ರಿ ಊಟದವರೆಗೂ ನನ್ನೊಡನೆ ಮಾತನಾಡಲಿಲ್ಲ. ಯಾರ ಮನೆಯ ಬಟ್ಟೆಯೋ, ಅದರ ಮೇಲೆ ಉಂಡವರು ಇದ್ದಾರೋ ಇಲ್ಲವೋ, ಅಂಥದ್ದನ್ನು ದುಡ್ಡು ಕೊಟ್ಟು ಒಳಗೆ ತರುವುದೇ ಎಂಬುದು ಅವರ ಸಂಕಟ. ಅವರಿಗೆ ಎಂಬತ್ತಮೂರು ವರ್ಷ. ಧಾರವಾಡದ ಮಡಿವಂತ ಮನೆಯಲ್ಲಿ ಬೆಳೆದವರು. ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಮೇಜುಹಾಸನ್ನು ಬಿಟ್ಟು ಬರಲು ನನ್ನಿಂದಾಗಲಿಲ್ಲ. ಅದರ ಅಂಚಿನ ಅನಾನಸ್ ಹೆಣಿಗೆಯಲ್ಲಿ ಒಂದು ಕಡೆ ಏಳು ಕಂಬ (ನೂಲಿನ ಉದ್ದನೆಯ ಹೆಣಿಗೆ) ಬರಬೇಕಾದಲ್ಲಿ ಆರೇ ಬಂದಿದ್ದವು. ಹೆಣೆದವಳು ಬಿಚ್ಚದೆ, ಮುಂದಿನ ಸುತ್ತಿನಲ್ಲಿ ಒಂದು ಕಂಬ ಸೇರಿಸಿ ಸರಿದೂಗಿಸಿದ್ದಳು. ನನ್ನ ಆಯಿಯೂ ಹಾಗೆಯೇ ಮಾಡುತ್ತಿದ್ದಳು.

ಕಳೆದ ಹತ್ತು ತಿಂಗಳಲ್ಲಿ ಆರು ಸಲ ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ, ನಾಲ್ಕು ಸಲ ಕ್ರಾಫರ್ಡ್ ಮಾರ್ಕೆಟ್ ಬಳಿಯ ಮಂಗಲದಾಸ್ ಮಾರ್ಕೆಟಿಗೆ ಹೋಗಿ ಬಂದಿದ್ದೇನೆ. ಹಳೆಯ ಸಾಮಾನು ಮತ್ತು ಬಿಳಿಯ ಹತ್ತಿ ಬಟ್ಟೆ, ಇವೆರಡರಿಂದಲೇ ಒಂದು ಕೋಣೆಯನ್ನು ಸಜ್ಜು ಮಾಡಬೇಕೆಂದು ಹೊರಟಿದ್ದೆ. ಏನು ಸಿಕ್ಕಿತು, ಎಷ್ಟಕ್ಕೆ ಸಿಕ್ಕಿತು, ಎಲ್ಲಿ ಎಡವಿದೆ ಎಂಬುದನ್ನು ಮುಂಬಯಿಯಲ್ಲಿರುವ ನಮ್ಮವರಿಗೆ ತಿಳಿಸುವುದು ಈ ಬರಹದ ಉದ್ದೇಶ. ಹೊಸ ಅಂಗಡಿಗಳಲ್ಲಿ ‘ವಿಂಟೇಜ್’ ಎಂಬ ಚೀಟಿ ಅಂಟಿಸಿ ಮಾರುವ ವಸ್ತುಗಳಿಗೆ ದುಪ್ಪಟ್ಟು ಬೆಲೆ ತೆರುವವರನ್ನು ಕಂಡರೆ ನನಗೆ ನಿಜವಾಗಿಯೂ ನೋವಾಗುತ್ತದೆ.

ಕೋಣೆ ಎಂದರೆ ಹತ್ತು ಅಡಿಗೆ ಹನ್ನೆರಡು ಅಡಿ. ಮಾಟುಂಗಾದ ಹಳೆಯ ಕಟ್ಟಡದ ಎರಡನೆಯ ಮಹಡಿ. ಎತ್ತರದ ಚಾವಣಿ, ಕಪ್ಪು ಬಿಳಿ ಚೌಕದ ನೆಲ, ಪಶ್ಚಿಮಕ್ಕೆ ಒಂದು ಕಿಟಕಿ, ಕಿಟಕಿಗೆ ತಾಗಿದ ಮಳೆಮರದ ಕೊಂಬೆ. ಮಗಳು ಮದುವೆಯಾಗಿ ಮೈಸೂರಿಗೆ ಹೋದ ಮೇಲೆ ಅದು ಇಸ್ತ್ರಿ ಬಟ್ಟೆ ರಾಶಿ ಹಾಕುವ ಜಾಗವಾಗಿತ್ತು. ಕಳೆದ ವರ್ಷ ಹೊನ್ನಾವರದ ತವರುಮನೆಯನ್ನು ಮಾರಿದಾಗ ಆಯಿಯ ತಗಡಿನ ಪೆಟ್ಟಿಗೆ ನನ್ನ ಪಾಲಿಗೆ ಬಂತು. ಅದರಲ್ಲಿ ಹನ್ನೊಂದು ಕ್ರೋಶಾ ತುಣುಕುಗಳಿದ್ದವು: ರೇಡಿಯೊ ಮುಚ್ಚುವ ಬಟ್ಟೆ, ತಾಮ್ರದ ತಂಬಿಗೆಯ ಅಡಿಗೆ ಹಾಕುವ ಚಕ್ಕೆ, ಕಿಟಕಿಯ ಅಂಚು. ಹನ್ನೊಂದನೆಯದು ಅರ್ಧಕ್ಕೇ ನಿಂತಿತ್ತು. ಕಡ್ಡಿ ಇನ್ನೂ ಅದರಲ್ಲೇ ಸಿಕ್ಕಿಕೊಂಡು ತುಕ್ಕು ಹಿಡಿದಿತ್ತು. ನಾನು ಮೂವತ್ತು ವರ್ಷ ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿಸಿದವಳು. ಪಾಠದ ಜೊತೆಗೆ ಹೊಲಿಗೆ, ಹೆಣಿಗೆಯನ್ನೂ ಹೇಳಿಕೊಟ್ಟಿದ್ದೇನೆ. ಆ ಹನ್ನೊಂದು ತುಣುಕುಗಳಿಗೆ ತಕ್ಕ ಜಾಗವೊಂದು ಮನೆಯಲ್ಲಿ ಇರಬೇಕು ಎನ್ನಿಸಿತು. ಎಲ್ಲವೂ ಅಲ್ಲಿಂದ ಆರಂಭವಾಯಿತು.

ಮಟನ್ ಸ್ಟ್ರೀಟಿಗೆ ಹೋಗಲು ಮಧ್ಯ ರೈಲ್ವೆಯವರು ಸ್ಯಾಂಡ್‌ಹರ್ಸ್ಟ್ ರೋಡಿನಲ್ಲಿ, ಪಶ್ಚಿಮದವರು ಗ್ರಾಂಟ್ ರೋಡಿನಲ್ಲಿ ಇಳಿಯಬೇಕು. ಎರಡೂ ಕಡೆಯಿಂದ ನಡೆದೇ ಹೋಗಬಹುದು. ಶುಕ್ರವಾರ ಅಂಗಡಿಗಳು ಮುಚ್ಚಿರುತ್ತವೆ. ಅಂದು ಬೆಳಗಿನ ಜಾವ ಬೀದಿಯಲ್ಲೇ ಹರಡುವ ಜುಮ್ಮಾ ಬಜಾರಿನಲ್ಲಿ ಹಳೆಯ ಚಪ್ಪಲಿ, ಕೆಟ್ಟ ಮೊಬೈಲ್, ಯಂತ್ರದ ಬಿಡಿಭಾಗಗಳೇ ಹೆಚ್ಚು. ನಮಗೆ ಬೇಕಾದದ್ದಕ್ಕೆ ಉಳಿದ ಆರು ದಿನಗಳಲ್ಲಿ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗುವುದು ಒಳ್ಳೆಯದು. ಆಗ ಅಂಗಡಿಯವರು ಸಾಮಾನನ್ನು ಹೊರಗೆ ಜೋಡಿಸಿ ಮುಗಿಸಿರುತ್ತಾರೆ, ಬೋಣಿಯ ಆಸೆಯೂ ಇರುತ್ತದೆ. ಗದ್ದಲದ ಬಜಾರು ಎಂಬ ಅರ್ಥದ ‘ಶೋರ್ ಬಜಾರ್’ ಎಂಬುದೇ ಬಾಯಿಂದ ಬಾಯಿಗೆ ಬದಲಾಗಿ ಚೋರ್ ಬಜಾರ್ ಆಯಿತೆಂದು ಹೇಳುವುದುಂಟು. ಕಳ್ಳಮಾಲು ಎಂಬ ಅಂಜಿಕೆಯಿಂದ ದೂರವಿರುವವರಿಗೆ ಇದನ್ನು ಮೊದಲೇ ಹೇಳಬೇಕೆನ್ನಿಸಿತು. ನಾನು ಕಂಡಂತೆ ಇಲ್ಲಿಗೆ ಬರುವ ಹೆಚ್ಚಿನ ಸಾಮಾನು ಒಡೆದ ಕಟ್ಟಡಗಳಿಂದ, ಖಾಲಿ ಮಾಡಿದ ಹಳೆಯ ಮನೆಗಳಿಂದ, ಬಾಗಿಲು ಹಾಕಿದ ಹೋಟೆಲುಗಳಿಂದ ಬರುತ್ತದೆ. ಪಕ್ಕದ ಭೇಂಡಿ ಬಜಾರಿನಲ್ಲೇ ಹಳೆಯ ಚಾಳುಗಳು ಉರುಳಿ ಗೋಪುರಗಳು ಏಳುತ್ತಿವೆ. ಅಂಥ ಕಡೆ ಇಳಿಸಿದ ಬಾಗಿಲಿನ ಪಿಂಗಾಣಿ ಹಿಡಿಕೆಗಳು, ಬಣ್ಣದ ಗಾಜು, ಕಬ್ಬಿಣದ ಜಾಲರಿಗಳು ಇಲ್ಲಿ ಬುಟ್ಟಿಗಟ್ಟಲೆ ಬಿದ್ದಿರುತ್ತವೆ.

ನಾನು ಮತ್ತೆ ಮತ್ತೆ ಹೋದದ್ದು ಒಂದೇ ಅಂಗಡಿಗೆ. ಹೊರಗೆ ಹೆಸರಿನ ಫಲಕವಿಲ್ಲ. ಅಗಲ ಎಂಟು ಅಡಿ ಇರಬಹುದು. ಒಳಗೆ ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕು. ಮೇಲಿನಿಂದ ಗಾಜಿನ ಹಂಡೆ ದೀಪಗಳು ತೂಗುತ್ತವೆ, ಗೋಡೆಗೆ ಒರಗಿಸಿದ ಕನ್ನಡಿಗಳ ಸಾಲು, ಅದರ ಮುಂದೆ ಕುರ್ಚಿಗಳ ಮೇಲೆ ಕುರ್ಚಿ. ಎಪ್ಪತ್ತರ ಆಸುಪಾಸಿನ ಅಂಗಡಿಯವರು ಮೊದಲ ದಿನ ನನ್ನನ್ನು ಎಲ್ಲರಂತೆ ‘ಮೇಡಂ’ ಎಂದು ಕರೆದರು. ನಾನು ಶಾಲೆಯಲ್ಲಿದ್ದೆ ಎಂದು ಗೊತ್ತಾದ ಮೇಲೆ ಇಂದಿನವರೆಗೂ ‘ಟೀಚರ್’.

ಅವರ ಮೇಲೆ ನನಗೆ ನಂಬಿಕೆ ಮೂಡಿದ ಪ್ರಸಂಗವನ್ನು ಹೇಳುತ್ತೇನೆ. ಒಂದು ಮೂಲೆಯಲ್ಲಿ ರಾಜಾ ರವಿವರ್ಮನ ಹಂಸ ದಮಯಂತಿಯ ಚಿತ್ರವಿತ್ತು. ಕಂದಿದ ಕಾಗದ, ಹುಳು ತಿಂದಂತಿದ್ದ ಚೌಕಟ್ಟು, ದಮಯಂತಿಯ ಸೀರೆಯ ಮೇಲೆ ಅಂಟಿಸಿದ ಜರಿ. ನನಗೆ ಎದೆ ಹಾರಿತು. ರವಿವರ್ಮ ತನ್ನ ಮುದ್ರಣಾಲಯವನ್ನು 1894ರಲ್ಲಿ ಆರಂಭಿಸಿದ್ದು ಇದೇ ಮುಂಬಯಿಯಲ್ಲಿ. ಆಮೇಲೆ ಅದು ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ಅಲ್ಲಿಂದ ಹೊರಟ ಲಕ್ಷ್ಮಿ, ಸರಸ್ವತಿಯರ ಚಿತ್ರಗಳು ನಮ್ಮ ಹೊನ್ನಾವರದ ಮನೆಯ ದೇವರ ಕೋಣೆಯವರೆಗೂ ಬಂದಿದ್ದವು. ಎಷ್ಟು ಎಂದು ಕೇಳಿದೆ. ಅಂಗಡಿಯವರು ಬೆಲೆ ಹೇಳಲಿಲ್ಲ. ಗಲ್ಲಾಪೆಟ್ಟಿಗೆಯಿಂದ ಭೂತಗನ್ನಡಿ ತೆಗೆದುಕೊಟ್ಟು, “ಟೀಚರ್, ನೀವೇ ನೋಡಿ” ಎಂದರು. ಕಲ್ಲಚ್ಚಿನಲ್ಲಿ ಮುದ್ರಿಸಿದ ಹಳೆಯ ಪ್ರತಿಯಾದರೆ ಬಣ್ಣದ ಚುಕ್ಕೆಗಳು ಮರಳು ಚೆಲ್ಲಿದ ಹಾಗೆ ಅಡ್ಡಾದಿಡ್ಡಿಯಾಗಿ ಕಾಣುತ್ತವೆ. ಈಗಿನ ಆಫ್‌ಸೆಟ್ ಮುದ್ರಣವಾದರೆ ಚುಕ್ಕೆಗಳು ಸಾಲಾಗಿ, ಸಣ್ಣ ಹೂವಿನ ಆಕಾರದಲ್ಲಿ ಒಂದೇ ಅಳತೆಗೆ ಕೂತಿರುತ್ತವೆ. ದಮಯಂತಿಯ ಕೆನ್ನೆಯ ಮೇಲೆ ಭೂತಗನ್ನಡಿ ಹಿಡಿದಾಗ ಕಂಡದ್ದು ಸಾಲು ಹೂಗಳೇ. ಚಿತ್ರ ಹೊಸದು, ಚೌಕಟ್ಟು ಮಾತ್ರ ಹಳೆಯದು. ಅದನ್ನು ಹಳೆಯದೆಂದು ನನ್ನ ತಲೆಗೆ ಕಟ್ಟುವುದು ಅವರಿಗೆ ಸುಲಭವಿತ್ತು. ಕಟ್ಟಲಿಲ್ಲ. ಖಾಲಿ ಚೌಕಟ್ಟನ್ನು 450ಕ್ಕೆ ಕೊಂಡು, ಅದರಲ್ಲಿ ಆಯಿಯ ಅರ್ಧ ಹೆಣೆದ ಹನ್ನೊಂದನೆಯ ತುಣುಕನ್ನು ಇಟ್ಟಿದ್ದೇನೆ, ಕಡ್ಡಿ ಸಮೇತ.

ಈ ಬೀದಿಯ ಎಲ್ಲರೂ ಹಾಗಿರುತ್ತಾರೆಂದು ತಿಳಿಯಬಾರದು. ಹಿತ್ತಾಳೆಯ ದಿಕ್ಸೂಚಿ, ಹಡಗಿನ ದೀಪ, ಗ್ರಾಮೊಫೋನಿನ ಹೊಳೆಯುವ ಕಹಳೆ ಇವುಗಳಲ್ಲಿ ಬಹುಪಾಲು ಈಚೆಗೆ ಮಾಡಿದವು. ಮರದ ಸಾಮಾನಾದರೆ ಕವುಚಿ ಹಾಕಿ ತಳವನ್ನು ನೋಡಬೇಕು. ಮೇಲ್ಮೈಗೆ ಮಾತ್ರ ಮುಪ್ಪು ಬಂದು ತಳ ಹಸಿಯಾಗಿ ಕಂಡರೆ ಅದು ಬಳಿದ ಮುಪ್ಪು. ಸ್ಕ್ರೂಗಳ ತಲೆ ನೋಡಬೇಕು: ಕೂಡಿಸುವ ಚಿಹ್ನೆಯಂಥ ಗೀರಿನ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ನೂರಿಪ್ಪತ್ತು ವರ್ಷದ ಕಪಾಟು ಎಂದು ಹೇಳುವವರ ಕಪಾಟಿನ ತುಂಬ ಅಂಥ ಸ್ಕ್ರೂಗಳೇ ಇದ್ದರೆ, ನಮಸ್ಕಾರ ಹೇಳಿ ಮುಂದೆ ಹೋಗಬೇಕು.

ಇನ್ನು ಕುರ್ಚಿ. ನಾವು ಮದುವೆಯಾದ ಹೊಸತರಲ್ಲಿ ದಾದರಿನ ಚಾಳಿನ ಒಂದೇ ಕೋಣೆಯಲ್ಲಿದ್ದೆವು, ಅತ್ತೆ ಮಾವ ಮೈದುನರೊಂದಿಗೆ. ಇಬ್ಬರೇ ಕೂತು ಮಾತನಾಡಲು ಜಾಗವಿರಲಿಲ್ಲ. ಶನಿವಾರ ಸಂಜೆ ನಮ್ಮ ಯಜಮಾನರು ಕಚೇರಿಯಿಂದ ನೇರವಾಗಿ ಸ್ಟೇಷನ್ ಬಳಿಯ ಇರಾನಿ ಹೋಟೆಲಿಗೆ ಬರುತ್ತಿದ್ದರು, ನಾನು ಶಾಲೆಯಿಂದ ಬರುತ್ತಿದ್ದೆ. ಒಂದು ಬನ್ ಮಸ್ಕಾ, ಎರಡು ಚಹಾ, ಒಂದು ಗಂಟೆ. ಆ ಹೋಟೆಲು ಈಗಿಲ್ಲ. ಬೆನ್ನಿಗೆ ದುಂಡಾಗಿ ಬಾಗಿಸಿದ ಮರದ, ಬೆತ್ತ ಹೆಣೆದ ಆ ಕಪ್ಪು ಕುರ್ಚಿಗಳು ಮಾತ್ರ ನನ್ನ ಕಣ್ಣಿನಿಂದ ಹೋಗಿರಲಿಲ್ಲ. ಅಂಥದ್ದೇ ಒಂದು ಈ ಅಂಗಡಿಯ ರಾಶಿಯಲ್ಲಿ ತಲೆಕೆಳಗಾಗಿ ನೇತಾಡುತ್ತಿತ್ತು.

ಈ ಕುರ್ಚಿಯ ಕಥೆ ವಿಯೆನ್ನಾದ್ದು. ಮಿಖಾಯೆಲ್ ಥೋನೆಟ್ ಎಂಬ ಬಡಗಿ ಬೀಚ್ ಮರವನ್ನು ಹಬೆಯಲ್ಲಿ ಮೆದುಮಾಡಿ ಬಾಗಿಸುವ ವಿದ್ಯೆಯನ್ನು ಸಾಧಿಸಿ, 1859ರಲ್ಲಿ ತನ್ನ 14ನೆಯ ನಂಬರಿನ ಕುರ್ಚಿಯನ್ನು ಹೊರತಂದ. ಆರು ತುಂಡು ಮರ, ಹತ್ತು ಸ್ಕ್ರೂ, ಎರಡು ನಟ್ಟು, ಅಷ್ಟೇ. ಬಿಡಿಸಿ ಜೋಡಿಸಿದರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿಗಳು ಹಿಡಿಯುತ್ತಿದ್ದವು; ಹಡಗಿನಲ್ಲಿ ಲೋಕವೆಲ್ಲ ಸುತ್ತಲು ಸಾಧ್ಯವಾದದ್ದು ಅದರಿಂದಲೇ. 1869ರಲ್ಲಿ ಅವನ ಏಕಸ್ವಾಮ್ಯ ಮುಗಿದ ಮೇಲೆ ಬೇರೆ ಕಾರ್ಖಾನೆಗಳೂ ಇದೇ ಬಗೆಯವನ್ನು ಮಾಡತೊಡಗಿದವು. ಆದ್ದರಿಂದ ಬಾಗಿದ ಮರದ ಕುರ್ಚಿಯೆಲ್ಲ ಥೋನೆಟ್ ಅಲ್ಲ. ಕೂರುವ ಬಳೆಯ ಒಳಮೈಯಲ್ಲಿ ಸುಟ್ಟು ಒತ್ತಿದ ಮುದ್ರೆಯನ್ನೋ ಕಾಗದದ ಚೀಟಿಯ ತುಣುಕನ್ನೋ ಹುಡುಕಬೇಕು. ನನ್ನದರಲ್ಲಿ ಚೀಟಿ ಇದ್ದ ಗುರುತು ಮಾತ್ರ ಉಳಿದಿದೆ. ಯಾರದ್ದಾದರೂ ಸರಿ; ಎತ್ತಿದರೆ ಒಂದೇ ಕೈಗೆ ಬರುವಷ್ಟು ಹಗುರ, ಕೂತರೆ ಕಿರುಗುಟ್ಟದಷ್ಟು ಗಟ್ಟಿ. ಅವರು 4,500 ಎಂದರು, ನಾನು 2,500 ಎಂದೆ, ಮೂರನೆಯ ಭೇಟಿಯಲ್ಲಿ 3,200ಕ್ಕೆ ನಿಂತಿತು.

ಬೆತ್ತ ಪೂರ್ತಿ ಹರಿದಿತ್ತು. ಕುರ್ಚಿಗೆ ಬೆತ್ತ ಹೆಣೆಯುವುದನ್ನು ಅಂಧರ ಶಾಲೆಗಳಲ್ಲಿ ಬಹುಕಾಲದಿಂದ ಕಲಿಸುತ್ತ ಬಂದಿದ್ದಾರೆ. ಅಂಗಡಿಯವರು ತೋರಿಸಿಕೊಟ್ಟ ಕುಶಲಿಯೂ ಹಾಗೆ ಕಲಿತವರು. ಅವರು ನಮ್ಮ ಮನೆಗೇ ಬಂದು, ನೆನೆಸಿದ ಬೆತ್ತದ ಎಳೆಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಉದ್ದಕ್ಕೆ ಎರಡು ಪದರ, ಅಡ್ಡಕ್ಕೆ ಎರಡು, ಆಮೇಲೆ ಓರೆಯಾಗಿ ಎರಡು ದಿಕ್ಕಿಗೂ ಎಳೆದು, ಎಂಟು ಮೂಲೆಯ ಕಣ್ಣುಗಳನ್ನು ಬೆರಳ ತುದಿಯಿಂದಲೇ ಅಳೆಯುತ್ತ ಎರಡು ದಿನ ಕೆಲಸ ಮಾಡಿದರು. 1,400 ರೂಪಾಯಿ ಕೇಳಿದರು. ಅದು ಕಡಿಮೆ ಎಂದು ನನಗೆ ಅನ್ನಿಸಿತು, ಹೆಚ್ಚಿಗೆ ಕೊಟ್ಟೆ. ಪ್ಲಾಸ್ಟಿಕ್ ಬೆತ್ತ ಹಾಕಿದರೆ ಅಗ್ಗ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ನಿಜವಾದ ಬೆತ್ತ ವರ್ಷಕ್ಕೆ ಒಂದೆರಡು ಸಲ ಅಡಿಯಿಂದ ಒದ್ದೆ ಬಟ್ಟೆ ಒತ್ತಿದರೆ ಮತ್ತೆ ಬಿಗಿಯಾಗುತ್ತದೆ.

ಇದೇ ಅಂಗಡಿಯಿಂದ ಅಂಚು ಇಳಿಜಾರಾಗಿ ಕೊರೆದ ಮೊಟ್ಟೆಯಾಕಾರದ ಕನ್ನಡಿಯನ್ನು 1,900ಕ್ಕೆ ತಂದೆ. ಬೀದಿಯಲ್ಲಿ ಯಾರನ್ನು ಕೇಳಿದರೂ ತಮ್ಮ ಕನ್ನಡಿ ಬೆಲ್ಜಿಯಂನದ್ದು ಎನ್ನುತ್ತಾರೆ; ಆ ಮಾತಿಗೆ ಬೆಲೆ ಕಟ್ಟಬೇಕಾಗಿಲ್ಲ. ಹಿಂಬದಿಯ ಬೆಳ್ಳಿಯ ಲೇಪಕ್ಕೆ ತೇವ ಸೇರಿ ಅಂಚಿನಲ್ಲಿ ಕಪ್ಪು ಮಚ್ಚೆಗಳು ಮೂಡಿವೆ. ಹೊಸ ಲೇಪ ಹಾಕಿಸಿ ಎಂದು ಇಬ್ಬರು ಹೇಳಿದರು. ನಾನು ಹಾಕಿಸುವುದಿಲ್ಲ. ಸಂಜೆಯ ಬಿಸಿಲು ಆ ಮಚ್ಚೆಗಳ ನಡುವೆ ಬಿದ್ದಾಗ ಎದುರಿನ ಬಿಳಿ ಪರದೆ ಕೆರೆಯ ನೀರಿನಲ್ಲಿ ಕಂಡ ಹಾಗೆ ಕಾಣುತ್ತದೆ. ಬಂಗಾರದ ಅಂಚು ಸವೆದ ನಾಲ್ಕು ಬಿಡಿ ಪಿಂಗಾಣಿ ತಟ್ಟೆಗಳೂ ಬಂದವು, ಒಂದಕ್ಕೆ 150. ಹಳೆಯ ಪಿಂಗಾಣಿಯ ಮೆರುಗಿನಲ್ಲಿ ಸೀಸ ಇರಬಹುದಾದ್ದರಿಂದ ಅವುಗಳಲ್ಲಿ ತಿನ್ನುವುದಿಲ್ಲ. ಮಾಟುಂಗಾ ಮಾರುಕಟ್ಟೆಯಿಂದ ತಂದ ಮಲ್ಲಿಗೆ ಮೊಗ್ಗನ್ನು ಹಾಕಿಡುತ್ತೇನೆ.

ಅಂಗಡಿಯ ದೋಷವನ್ನೂ ಹೇಳಬೇಕು. ಗೋಡೆಗೆ ತೂಗುಹಾಕುವ ಪುಟ್ಟ ಕಪಾಟೊಂದನ್ನು ಪೂರ್ತಿ ಸಾಗವಾನಿ ಎಂದು ಕೊಟ್ಟರು. ಎರಡು ವಾರಕ್ಕೆ ಅದರ ಕೆಳಗೆ ಗೋಧಿ ಹಿಟ್ಟಿನಂಥ ಸಣ್ಣ ಪುಡಿ ಬೀಳತೊಡಗಿತು. ಮುಂಬದಿ ಸಾಗವಾನಿ ಹೌದು. ಹಿಂಬದಿಯ ಹಲಗೆ ಯಾವುದೋ ಕಾಡುಮರ, ಅದರ ತುಂಬ ಕೊರೆಹುಳುವಿನ ತೂತು. ಫೋನ್ ಮಾಡಿದಾಗ ಹುಡುಗನನ್ನು ಕಳಿಸಿದರು. ಅವನು ಸಿರಿಂಜಿನಿಂದ ತೂತು ತೂತಿಗೂ ಔಷಧ ಹಾಕಿ, ಮೇಣ ತುಂಬಿ ಹೋದ. ದುಡ್ಡು ಕೇಳಲಿಲ್ಲ, ಆದರೆ ಮೂರು ವಾರ ಕಪಾಟು ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಸುತ್ತಿಕೊಂಡು ಕೂತಿತ್ತು, ತಪ್ಪಾಯಿತು ಎಂಬ ಒಂದು ಮಾತೂ ಅಂಗಡಿಯಿಂದ ಬರಲಿಲ್ಲ. ಅದು ನನಗೆ ಬೇಸರ ತಂದಿತು. ಕೊಳ್ಳುವ ಮುನ್ನ ಬಿಳಿ ಕಾಗದ ಹಾಸಿ, ಅದರ ಮೇಲೆ ಸಾಮಾನನ್ನು ಇಟ್ಟು ತಟ್ಟಿ ನೋಡಿ. ಹುಡಿ ಉದುರಿದರೆ ಒಳಗೆ ಹುಳು ಇದೆ.

ಬಿಳಿ ಬಟ್ಟೆಗೆ ಬರುತ್ತೇನೆ. ಮೊದಲು ನಾನು ಮೋಸಹೋದದ್ದು ಇಲ್ಲಿಯೇ. ಮೊಬೈಲಿನಲ್ಲಿ ಚಿತ್ರ ನೋಡಿ ಒಂದು ಮಳಿಗೆಯಿಂದ ‘ಲಿನನ್’ ಪರದೆಗಳನ್ನು ತರಿಸಿದೆ, ಜೋಡಿಗೆ 2,800. ಬಂದ ಬಟ್ಟೆ ಮುಟ್ಟಿದರೆ ಜಾರುತ್ತಿತ್ತು. ಅಂಚಿನಿಂದ ಒಂದು ಎಳೆ ತೆಗೆದು ಬೆಂಕಿ ತಾಗಿಸಿದೆ. ಹತ್ತಿಯೋ ಲಿನನ್ನೋ ಆಗಿದ್ದರೆ ಕಾಗದ ಸುಟ್ಟ ವಾಸನೆ ಬಂದು, ಬೆರಳಿಗೆ ಮೆತ್ತನೆಯ ಬೂದಿ ಹತ್ತಬೇಕು. ಇದು ಕರಗಿ, ಆರಿದ ಮೇಲೆ ಗಟ್ಟಿ ಗುಂಡಾಗಿ ಉಳಿಯಿತು. ಶುದ್ಧ ಪಾಲಿಯೆಸ್ಟರ್. ವಾಪಸು ಮಾಡಿ ದುಡ್ಡು ಪಡೆಯಲು ಒಂದು ತಿಂಗಳು ಹಿಡಿಯಿತು.

ಮಂಗಲದಾಸ್ ಮಾರ್ಕೆಟ್ ಭಾನುವಾರ ಮುಚ್ಚಿರುತ್ತದೆ. ಛಾವಣಿಯ ಕೆಳಗೆ ಕಿರಿದಾದ ಓಣಿಗಳು, ಎರಡೂ ಬದಿಗೆ ಬಿಳಿ ಗಾದಿಯ ಮೇಲೆ ಕೂತ ವ್ಯಾಪಾರಿಗಳು, ತಲೆಯೆತ್ತರಕ್ಕೆ ಸುತ್ತಿಟ್ಟ ಬಟ್ಟೆಯ ಥಾನುಗಳು. ನನಗೆ ಬಟ್ಟೆ ತೋರಿಸಿದ ಗುಜರಾತಿ ವ್ಯಾಪಾರಿ “ಬೇನ್, ಯಾವ ಬಿಳಿ ಬೇಕು?” ಎಂದು ಕೇಳಿದರು. ಆ ಪ್ರಶ್ನೆ ನನಗೆ ಬಹಳ ಹಿಡಿಸಿತು. ಅವರು ಐದು ಥಾನು ಬಿಚ್ಚಿದರು. ಒಂದು ನೀಲಿ ಹಾಕಿದ ಹಾಗೆ ಹೊಳೆಯುವ ಬಿಳಿ, ಒಂದು ಕಾಸಿದ ಹಾಲಿನ ಕೆನೆಯ ಬಿಳಿ, ಒಂದು ಬೂದಿ ಸೇರಿದಂಥ ಬಿಳಿ, ಒಂದು ಮಿಲ್ಲಿನಿಂದ ಬಂದಂತೆಯೇ ಇರುವ ಕೋರಾ ಬಟ್ಟೆ, ಕೊನೆಯದು ಅಕ್ಕಿಯ ಬಿಳಿ. ಅಂಗಡಿಯ ಬಲ್ಬಿನ ಕೆಳಗೆ ಮೂರು ಒಂದೇ ಆಗಿ ಕಂಡವು. ಥಾನನ್ನು ಹೊರಗೆ ಬಿಸಿಲಿಗೆ ಒಯ್ದು ನೋಡಲು ಅವರೇ ಹೇಳಿದರು. ಕೆಲವು ಬಟ್ಟೆಗಳಿಗೆ ಕಾರ್ಖಾನೆಯಲ್ಲೇ ಹೊಳಪಿನ ರಾಸಾಯನಿಕ ಸೇರಿಸುತ್ತಾರೆ. ಅದು ಸೂರ್ಯನ ಅತಿನೇರಳೆ ಕಿರಣಗಳನ್ನು ಹೀರಿ ನೀಲಿ ಬೆಳಕಾಗಿ ಹೊರಬಿಡುತ್ತದೆ. ಎಲ್ಇಡಿ ದೀಪದಲ್ಲಿ ಆ ಕಿರಣಗಳು ಬಹುಮಟ್ಟಿಗೆ ಇಲ್ಲದಿರುವುದರಿಂದ ವ್ಯತ್ಯಾಸ ತಿಳಿಯುವುದಿಲ್ಲ. ಹಳೆಯ ಕ್ರೋಶಾದ ಪಕ್ಕದಲ್ಲಿ ಹೊಳೆಯುವ ಬಿಳಿಯನ್ನು ಇಟ್ಟರೆ ಹಳೆಯದು ಕೊಳೆಯಾಗಿ ಕಾಣುತ್ತದೆ, ತಪ್ಪು ಅದರದ್ದಲ್ಲದಿದ್ದರೂ. ಆದ್ದರಿಂದ ಆಯಿಯ ಒಂದು ತುಣುಕನ್ನು ಚೀಲದಲ್ಲಿ ಒಯ್ದಿದ್ದೆ. ಅದರ ಪಕ್ಕದಲ್ಲಿ ಒಪ್ಪಿದ್ದು ಅಕ್ಕಿಯ ಬಿಳಿ.

ಪರದೆಗೆ ಮಲ್ಮಲ್ ತೆಗೆದುಕೊಂಡೆ. ನೂಲಿನ ನಂಬರು ಹೆಚ್ಚಿದಷ್ಟೂ ಎಳೆ ನಯ: 840 ಗಜದ ಎಷ್ಟು ಲಡಿಗಳು ಸೇರಿದರೆ ಒಂದು ಪೌಂಡ್ ತೂಗುತ್ತವೋ ಅದೇ ಆ ನೂಲಿನ ನಂಬರು. ಎಂಬತ್ತರ ನೂಲಿನ ಮಲ್ಮಲ್ ಗಾಳಿಗೆ ಉಸಿರಾಡುವಂತೆ ಏಳುತ್ತದೆ, ಬೆಳಕನ್ನು ತಡೆಯದೆ ಮೆತ್ತಗೆ ಮಾಡುತ್ತದೆ. ನಮ್ಮ ಕಿಟಕಿಯ ಅಗಲ ನಾಲ್ಕು ಅಡಿ. ನೆರಿಗೆ ತುಂಬಿ ಬರಬೇಕಾದರೆ ಬಟ್ಟೆ ಅದರ ಸುಮಾರು ಎರಡರಷ್ಟಿರಬೇಕು. 44 ಇಂಚಿನ ಪನ್ನದ (ಬಟ್ಟೆಯ ಅಗಲದ) ಎರಡು ಪಟ್ಟಿ, ನೆಲ ಮುಟ್ಟುವ ಉದ್ದ, ಮಡಿಕೆಗೆ ಮತ್ತು ಕುಗ್ಗುವಿಕೆಗೆ ಸೇರಿಸಿ ಐದೂವರೆ ಮೀಟರ್, ಮೀಟರಿಗೆ 120. ಒಟ್ಟು 660 ರೂಪಾಯಿ. ಹೊಲಿಯುವ ಮುನ್ನ ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಲೇಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಪರದೆ ಗಿಡ್ಡವಾಗುತ್ತದೆ.

ದಿಂಬಿನ ಚೀಲಕ್ಕೆ ಹಕೋಬಾ. ನಮ್ಮ ರವಿಕೆಗಳಿಂದ ಎಲ್ಲರಿಗೂ ಪರಿಚಿತವಾದ ತೂತು ತೂತಿನ ಈ ಕಸೂತಿ ಬಟ್ಟೆಯ ಹಿಂದೆ ಸ್ವಿಟ್ಜರ್ಲೆಂಡಿನ ಯಂತ್ರವಿದೆ. ಐಸಾಕ್ ಗ್ರೋಬ್ಲಿ ಎಂಬುವನು 1863ರಲ್ಲಿ ರೂಪಿಸಿದ ಆ ಯಂತ್ರದ ಲಾಳಿ ದೋಣಿಯ ಆಕಾರದ್ದಾದ್ದರಿಂದ ಅದಕ್ಕೆ ಷಿಫ್ಲಿ, ಪುಟ್ಟ ದೋಣಿ, ಎಂಬ ಹೆಸರು ಬಂತು. ಹೊಳೆದಂಡೆಯ ಹೊನ್ನಾವರದವಳಾದ ನನಗೆ ಇದನ್ನು ತಿಳಿದಾಗ ಆದ ಸಂತೋಷ ಹೇಳತೀರದು.

ಬಿಳಿಯನ್ನು ತಂದರೆ ಆಯಿತೇ, ಕಾಯುವುದು ಹೇಗೆ ಎಂಬುದು ಅತ್ತೆಯ ಎರಡನೆಯ ಆಕ್ಷೇಪ. ಅದು ನ್ಯಾಯವಾದ ಪ್ರಶ್ನೆ. ಮುಂಬಯಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಗಂಜಿ ಹಾಕಿದ ಬಟ್ಟೆಯನ್ನು ಆ ತಿಂಗಳುಗಳಲ್ಲಿ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ, ಬೆಳ್ಳಿಹುಳು ಗಂಜಿಯ ಆಸೆಗೆ ಬರುತ್ತದೆ. ಆದ್ದರಿಂದ ಮೇ ಕೊನೆಗೆ ಎಲ್ಲವನ್ನೂ ಒಗೆದು, ಗಂಜಿಯಿಲ್ಲದೆ ಪೂರ್ತಿ ಒಣಗಿಸಿ, ಹಳೆಯ ಮಲ್ಮಲ್ ಸೀರೆಯಲ್ಲಿ ಸುತ್ತಿ, ನಡುವೆ ಲಾವಂಚದ ಬೇರು ಇಡುತ್ತೇನೆ. ಪ್ಲಾಸ್ಟಿಕ್ ಚೀಲ ಬೇಡ. ಕ್ರೋಶಾವನ್ನು ಮಡಚುವುದಿಲ್ಲ, ಸುತ್ತಿಡುತ್ತೇನೆ. ಮಡಿಕೆ ಒಂದೇ ಜಾಗದಲ್ಲಿ ವರ್ಷಗಟ್ಟಲೆ ಬಿದ್ದರೆ ಎಳೆ ಅಲ್ಲೇ ತುಂಡಾಗುತ್ತದೆ.

ಆ 300 ರೂಪಾಯಿಯ ಮೇಜುಹಾಸನ್ನು ತೊಳೆದ ಬಗೆಯನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಅವಸರಪಟ್ಟು ಎಷ್ಟೋ ಒಳ್ಳೆಯ ಹೆಣಿಗೆಗಳು ಹಾಳಾಗಿವೆ. ಮೊದಲು ಅದನ್ನು ಸೊಳ್ಳೆಪರದೆಯ ತುಂಡಿನ ಮೇಲೆ ಹರವಿ, ಅದರ ಸಮೇತವೇ ತಣ್ಣೀರಿನಲ್ಲಿ ಮುಳುಗಿಸಿದೆ. ಒದ್ದೆಯಾದ ಹತ್ತಿ ಬಹಳ ಭಾರ. ಬರಿಗೈಯಿಂದ ಎತ್ತಿದರೆ ತನ್ನ ತೂಕಕ್ಕೇ ಹರಿಯುತ್ತದೆ. ಮೊದಲ ನೀರು ಚಹಾದಂತೆಯೇ ಬಂತು. ನಾಲ್ಕು ಸಲ ನೀರು ಬದಲಿಸಿದ ಮೇಲೆ ಸೌಮ್ಯವಾದ ಸಾಬೂನು, ಆಮೇಲೆ ಆಕ್ಸಿಜನ್ ಬ್ಲೀಚಿನ ಬಿಸುಪಾದ ನೀರಿನಲ್ಲಿ ಎರಡು ಗಂಟೆ. ಕ್ಲೋರಿನ್ ಬ್ಲೀಚನ್ನು ಹಳೆಯ ಎಳೆಗೆ ತೋರಿಸಲೇಬಾರದು. ಕಬ್ಬಿಣದ ತುಕ್ಕಿನ ಎರಡು ಚುಕ್ಕೆಗಳಿಗೆ ನಿಂಬೆರಸ, ಉಪ್ಪು, ಬಿಸಿಲು. ಊರಿನಲ್ಲಿ ಆಯಿ ಒದ್ದೆ ಬಟ್ಟೆಯನ್ನು ಅಂಗಳದ ಹುಲ್ಲಿನ ಮೇಲೆ ಹರವುತ್ತಿದ್ದಳು, ನನಗಿರುವುದು ತಾರಸಿ. ಅಕ್ಟೋಬರಿನ ಬಿಸಿಲಿನಲ್ಲಿ ಹಳೆಯ ಚಾದರದ ಮೇಲೆ ಹರವಿ, ಅಂಚಿನ ಪ್ರತಿ ಕಮಾನಿಗೂ ತುಕ್ಕು ಹಿಡಿಯದ ಗುಂಡುಸೂಜಿ ಚುಚ್ಚಿದೆ. ನೂರಾ ನಲವತ್ತೆರಡು ಸೂಜಿಗಳು.

ಚಹಾದ ಕಲೆ ಪೂರ್ತಿ ಹೋಗಲಿಲ್ಲ. ಹುಡುಕಿದರೆ ಕಾಣುವಷ್ಟು ಉಳಿದಿದೆ, ಇರಲಿ. ಹರಿದ ಮೂಲೆಗಳನ್ನು ನಾನೇ ಹೆಣೆದೆ. ಮೂಲ ನೂಲಿನ ದಪ್ಪಕ್ಕೆ ಸರಿಯಾದದ್ದು ಸಿಗಲು ಮೂರು ಅಂಗಡಿ ಅಲೆದೆ.

ತಾರಸಿಯಿಂದ ಇಳಿಸಿ ತಂದ ದಿನ ಅತ್ತೆ ಅದನ್ನು ಮುಟ್ಟಿ ನೋಡಿದರು. “ನೀರಿಗೆ ಬಿದ್ದು ಬಿಸಿಲು ಕಂಡದ್ದಕ್ಕೆ ಮೈಲಿಗೆಯಿಲ್ಲ ಬಿಡು” ಎಂದರು. ಕೋಣೆಯನ್ನು ಒಮ್ಮೆ ಸುತ್ತಿ ನೋಡಿ, “ಎಲ್ಲಾ ಬಿಳಿ ಆದರೆ ಆಸ್ಪತ್ರೆ ಆಗುತ್ತದೆ, ಕಣ್ಣಿಗೆ ಒಂದಾದರೂ ಬಣ್ಣ ಬೇಕು” ಎಂದು ತಮ್ಮ ಟ್ರಂಕು ತೆರೆದರು. ಹೊರಗೆ ಬಂದದ್ದು ಅವರ ಹಳೆಯ ಇಳಕಲ್ ಸೀರೆ. ಒಡಲು ಜೀರ್ಣವಾಗಿದೆ, ಆದರೆ ಕೆಂಪು ಬಿಳಿಯ ತೋಪು ತೆನೆ ಸೆರಗು ನಿನ್ನೆ ಮಗ್ಗದಿಂದ ಇಳಿದಂತಿದೆ. ಆ ಸೆರಗನ್ನು ಮಂಚದ ಕಾಲ ಬದಿಗೆ ಅಡ್ಡ ಹಾಸಿದ್ದೇವೆ. ನಾನು ಹತ್ತು ತಿಂಗಳು ಅಲೆದು ತಂದ ಯಾವ ವಸ್ತುವೂ ಕೋಣೆಯನ್ನು ಅಷ್ಟು ತುಂಬಿರಲಿಲ್ಲ. ಬಿಳಿಯ ನಡುವೆ ಒಂದೇ ಒಂದು ಗಟ್ಟಿ ಕೆಂಪು ಬೇಕಿತ್ತು. ಅದು ಗೊತ್ತಿದ್ದದ್ದು ಅತ್ತೆಗೆ.

ಹೋಗಲು ಬಯಸುವವರಿಗೆ ಇನ್ನೆರಡು ಮಾತು. ಮಳೆಗಾಲದಲ್ಲಿ ಮಟನ್ ಸ್ಟ್ರೀಟ್ ಬೇಡ, ಸಾಮಾನು ಟಾರ್ಪಾಲಿನ ಕೆಳಗಿರುತ್ತದೆ, ಮರ ತೇವ ಕುಡಿದು ನಿಜವಾದ ತೂಕ ತಿಳಿಯುವುದಿಲ್ಲ. ದಸರೆಯ ನಂತರ ಹೋಗಿ. ನಗದು ಒಯ್ಯಿರಿ, ಅಳತೆ ಟೇಪು ಒಯ್ಯಿರಿ, ಮನೆಯ ಬಾಗಿಲಿನ ಅಗಲವನ್ನು ಬರೆದುಕೊಂಡು ಹೋಗಿ. ಮೊದಲ ಭೇಟಿಯಲ್ಲಿ ಏನನ್ನೂ ಕೊಳ್ಳಬೇಡಿ. ಮನೆಗೆ ಬಂದು ಒಂದು ವಾರವಾದರೂ ಕಣ್ಣಿನ ಮುಂದೆ ನಿಲ್ಲುವ ವಸ್ತುವಿಗಾಗಿ ಮಾತ್ರ ಮತ್ತೆ ಹೋಗಿ. ಅಷ್ಟರಲ್ಲಿ ಮಾರಿಹೋಗಿರಬಹುದು, ನನಗೆ ಒಂದು ಗಾಜಿನ ಹಂಡೆ ದೀಪ ಹಾಗೆ ತಪ್ಪಿಹೋಯಿತು, ಅದರ ನೆನಪು ಇನ್ನೂ ಬಾಧಿಸುತ್ತದೆ. ಮಂಗಲದಾಸ್ ಮಾರ್ಕೆಟಿನ ಬಗ್ಗೆ ನನ್ನ ದೂರು ಒಂದೇ: ವಯಸ್ಸಾದವರಿಗೆ ಕೂರಲು ಜಾಗವಿಲ್ಲ, ಓಣಿಯಲ್ಲಿ ತಲೆಹೊರೆಯವರು ಬಂದಾಗ ಗೋಡೆಗೆ ಒತ್ತಿ ನಿಲ್ಲಬೇಕು.

ಮೊನ್ನೆ ಮಂಗಳವಾರ ಹೆಸರಿಲ್ಲದ ಅಂಗಡಿಯಿಂದ ಫೋನ್ ಬಂತು. ಮೊದಲನೆಯದಕ್ಕೆ ಜೋಡಿಯಾಗುವ ಬಾಗಿದ ಮರದ ಕುರ್ಚಿ ಸಿಕ್ಕಿದೆಯಂತೆ, ಈ ಸಲ ಬಳೆಯ ಒಳಗೆ ಮುದ್ರೆಯೂ ಇದೆಯಂತೆ. ನಮ್ಮ ಯಜಮಾನರು ಆಗಲೇ ಕಿಟಕಿಯ ಬಳಿ ಎರಡನೆಯದಕ್ಕೆ ಜಾಗ ಅಳೆದಿದ್ದಾರೆ: ನಡುವೆ ಪುಟ್ಟ ಮೇಜು, ಆಚೆ ಈಚೆ ಎದುರುಬದುರಾಗಿ. ಶನಿವಾರ ಹೋಗುವುದೆಂದು ನಿಶ್ಚಯಿಸಿದೆವು. ಜಗಲಿಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದರು: “ಬೆತ್ತ ಗಟ್ಟಿ ಇದೆಯೇ ಎಂದು ಮೊದಲು ಒತ್ತಿ ನೋಡು. ಹೋದ ಸಲದ ಹಾಗೆ ಮೂರು ಸಲ ತಿರುಗಬೇಡ, ಎರಡೂವರೆ ಸಾವಿರದಿಂದಲೇ ಶುರುಮಾಡು.”